ನೀಲಕುರಿಂಜಿ ನೋಡುವುದು ಹೇಗೆ: ವರ್ಷದ ಲೆಕ್ಕದಿಂದ ಬೀಜ ಬೀಳುವವರೆಗೆ

ಮೊದಲ ಸಲ ನಾನು "ನೀಲಕುರಿಂಜಿ" ಅಂತ ಹಾಕಿದ ಫೋಟೋ ನೀಲಕುರಿಂಜಿಯದ್ದೇ ಆಗಿರಲಿಲ್ಲ. ಘಟ್ಟ ಇಳಿಯುವ ರಸ್ತೆಯ ಪಕ್ಕ, ಆಳೆತ್ತರ ಮೀರಿ ಬೆಳೆದ ಪೊದೆ. ಮೈತುಂಬ ನೇರಳೆ ಹೂ. ಕಾರು ನಿಲ್ಲಿಸಿ ಹತ್ತಿಪ್ಪತ್ತು ಫೋಟೋ ಹೊಡೆದೆ. "ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂ ಕೊನೆಗೂ ಸಿಕ್ಕಿತು" ಅಂತ ಬರೆದು ಬೀಗಿದೆ. ಅರ್ಧ ಗಂಟೆಯಲ್ಲಿ ಸಸ್ಯಶಾಸ್ತ್ರ ಓದಿದ ಗೆಳೆಯನ ಫೋನ್ ಬಂತು. "ಅದು ಕಾರ್ವಿ ಕಣೋ. ಕುರಿಂಜಿ ನೋಡ್ಬೇಕು ಅಂದ್ರೆ ಬೆಟ್ಟ ಹತ್ಬೇಕು. ನೀನು ಇಳೀತಾ ಇದ್ದೆ" ಅಂದ.

ಆ ಅವಮಾನದಿಂದ ಶುರುವಾದ ಹುಚ್ಚು ಇದು. ಈಗ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾವ ಬೆಟ್ಟ, ಯಾವ ವರ್ಷ, ಯಾವ ತಿಂಗಳು ಅಂತ ಬರೆದಿಟ್ಟಿದ್ದೇನೆ. ಕುರಿಂಜಿ ನೋಡಬೇಕು ಅನ್ನುವವರು ಕೇಳುವ ಪ್ರಶ್ನೆಗಳಿಗೆಲ್ಲ ಆ ಪುಸ್ತಕ ತೆರೆದೇ ಉತ್ತರ ಹೇಳುವುದು. ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಹಂತ 1: ಗಿಡದ ಜಾತಕ ತಿಳಿದುಕೊಳ್ಳಿ

ಇದರ ಶಾಸ್ತ್ರೀಯ ಹೆಸರು ಸ್ಟ್ರೋಬಿಲಾಂಥಿಸ್ ಕುಂತಿಯಾನಾ. ಮೊದಲ ಪದ ಗ್ರೀಕ್‌ನಿಂದ ಬಂದದ್ದು. ಪೈನ್ ಮರದ ಕಾಯಿಯ ಹಾಗೆ ಒತ್ತೊತ್ತಾದ ಹೂಗೊಂಚಲು ಇರುವುದರಿಂದ ಆ ಹೆಸರು. ಎರಡನೇ ಪದ ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಸಿಗಿಸ್ಮಂಡ್ ಕುಂತ್ ಅವರ ನೆನಪಿಗೆ. ಕೇರಳದ ಕುಂತಿ ನದಿಯಿಂದ ಬಂತು ಅಂತ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ನಿಜವಲ್ಲ. ಕನ್ನಡದಲ್ಲಿ ಈ ಬಳಗದ ಗಿಡಗಳಿಗೆ ಗುರಿಗೆ ಅನ್ನುವ ಹೆಸರಿದೆ. ಒಂದೇ ಹೆಸರಲ್ಲಿ ಹಲವು ಗಿಡ ಇರುವುದರಿಂದ "ಇಲ್ಲಿ ಗುರಿಗೆ ಹೂ ಬಿಟ್ಟಿದೆ" ಅಂತ ಯಾರಾದರೂ ಹೇಳಿದ ಕೂಡಲೇ ಬ್ಯಾಗ್ ಹೆಗಲಿಗೇರಿಸಬೇಡಿ.

ಇದು ಬೆಟ್ಟದ ಹುಲ್ಲುಗಾವಲಿನ ಗಿಡ. ಸುಮಾರು 1,300ರಿಂದ 2,400 ಮೀಟರ್ ಎತ್ತರದಲ್ಲಿ ಬೆಳೆಯುತ್ತದೆ. ಸಾಮಾನ್ಯವಾಗಿ 30ರಿಂದ 60 ಸೆಂಟಿಮೀಟರ್ ಎತ್ತರ, ಅಂದರೆ ಮೊಣಕಾಲಿನ ಆಸುಪಾಸು. ಗಾಳಿ ಕಡಿಮೆ ಇರುವ, ಮಣ್ಣು ಚೆನ್ನಾಗಿರುವ ಕಡೆ ಇನ್ನೂ ಎತ್ತರ ಹೋಗುತ್ತದೆ.

ಇನ್ನು ಆ 12 ವರ್ಷದ ಮಾತು. ಬಿದಿರು ಗೊತ್ತಲ್ವಾ? ಹತ್ತಾರು ವರ್ಷ ಸುಮ್ನೆ ಬೆಳೆದು, ಒಂದು ವರ್ಷ ಇಡೀ ಮೆಳೆಗೆ ಮೆಳೆಯೇ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಒಣಗಿಹೋಗುತ್ತದೆ. ಕುರಿಂಜಿಯ ಬದುಕೂ ಹಾಗೇ. ಒಂದು ಬೆಟ್ಟದ ಗಿಡಗಳೆಲ್ಲ ಒಟ್ಟಿಗೆ ಹುಟ್ಟುತ್ತವೆ, ಒಟ್ಟಿಗೆ ಬೆಳೆಯುತ್ತವೆ, 12ನೇ ವರ್ಷ ಒಟ್ಟಿಗೆ ಅರಳುತ್ತವೆ, ಬೀಜ ಕಟ್ಟಿ ಒಟ್ಟಿಗೆ ಸಾಯುತ್ತವೆ. ಹಾಗಾಗಿ "12 ವರ್ಷಕ್ಕೊಮ್ಮೆ ಹೂ ಬಿಡುವ ಗಿಡ" ಅನ್ನುವ ಮಾತು ಅರ್ಧ ತಪ್ಪು. ಒಂದು ಗಿಡ ತನ್ನ ಜೀವಮಾನದಲ್ಲಿ ಒಂದೇ ಸಲ ಹೂ ಬಿಡುವುದು. ಮುಂದಿನ ಸಲ ನೀವು ನೋಡುವುದು ಅದರ ಮಕ್ಕಳನ್ನು.

ಯಾಕೆ ಎಲ್ಲವೂ ಒಟ್ಟಿಗೆ? ವಿಜ್ಞಾನಿಗಳು ಹೆಚ್ಚಾಗಿ ಕೊಡುವ ವಿವರಣೆ ಇದು. ವರ್ಷವೂ ಸ್ವಲ್ಪ ಸ್ವಲ್ಪ ಬೀಜ ಬಿಟ್ಟರೆ ಇಲಿ, ಹಕ್ಕಿ, ಹುಳು ಎಲ್ಲವನ್ನೂ ಮುಗಿಸುತ್ತವೆ. ಹನ್ನೊಂದು ವರ್ಷ ಏನೂ ಕೊಡದೆ, ಒಂದೇ ವರ್ಷ ರಾಶಿ ರಾಶಿ ಸುರಿದರೆ ತಿನ್ನುವವರ ಹೊಟ್ಟೆ ತುಂಬಿಯೂ ಸಾಕಷ್ಟು ಬೀಜ ಮಣ್ಣಲ್ಲಿ ಉಳಿಯುತ್ತದೆ. ಜೇನ್ನೊಣಗಳೂ ಒಂದು ಬೆಟ್ಟ ತುಂಬ ಹೂ ಇದ್ದರೆ ಬೇರೆ ಕಡೆ ಹೋಗುವುದಿಲ್ಲ.

ಹಂತ 2: ಬೆಟ್ಟಕ್ಕೊಂದು ಪಂಚಾಂಗ ಮಾಡಿ

ಹೆಚ್ಚಿನವರು ಎಡವುವುದು ಇಲ್ಲಿ. "2018ರಲ್ಲಿ ಅರಳಿತ್ತಲ್ಲ, 2022ರಲ್ಲಿ ಮತ್ತೆ ಹೇಗೆ ಅರಳಿತು? ಎಲ್ಲ ಸುಳ್ಳು" ಅಂತ ವಾದ ಮಾಡಿದವರನ್ನು ನೋಡಿದ್ದೇನೆ. ಸುಳ್ಳಲ್ಲ. ಮುನ್ನಾರಿನ ಬೆಟ್ಟದ ಗಿಡಗಳದ್ದು ಒಂದು ಲೆಕ್ಕ, ಚಿಕ್ಕಮಗಳೂರಿನದ್ದು ಇನ್ನೊಂದು, ಊಟಿಯದ್ದು ಮತ್ತೊಂದು. ಪ್ರತಿ ಬೆಟ್ಟದ ಗಿಡಗಳಿಗೂ ಅವುಗಳದ್ದೇ ಹುಟ್ಟಿದ ವರ್ಷ.

ಮುನ್ನಾರಿನ ಲೆಕ್ಕ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವಂಥದ್ದು. 1838ರಿಂದ ಲೆಕ್ಕ ಇಟ್ಟಿದ್ದಾರೆ. 1838, 1850, 1862, ಹೀಗೆ ಹನ್ನೆರಡು ಹನ್ನೆರಡು ಕೂಡಿಸುತ್ತಾ ಬಂದರೆ 1994, 2006, 2018. ಮುಂದಿನದು 2030. ಇರವಿಕುಳಂ ರಾಷ್ಟ್ರೀಯ ಉದ್ಯಾನದ ಇಳಿಜಾರುಗಳಲ್ಲಿ ನೋಡಬೇಕು ಅನ್ನುವವರು ಆ ವರ್ಷವನ್ನು ಈಗಲೇ ಗುರುತು ಹಾಕಿಕೊಳ್ಳಿ.

ನಮ್ಮ ಚಂದ್ರದ್ರೋಣ ಪರ್ವತ ಸಾಲಿನಲ್ಲಿ, ಅಂದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ, 2022ರಲ್ಲಿ ಅರಳಿದ್ದು ನಿಮಗೂ ನೆನಪಿರಬಹುದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜನವೋ ಜನ. ಆ ಗಿಡಗಳ ಮಕ್ಕಳು ಅರಳಬೇಕಾದದ್ದು 2034ಕ್ಕೆ. ಊಟಿಯ ಬಳಿ 2024ರಲ್ಲಿ ಅರಳಿದ ಇಳಿಜಾರಿನದ್ದು 2036ಕ್ಕೆ. ಕೊಡಗಿನ ಮಾಂದಲಪಟ್ಟಿಯಲ್ಲಿ 2021ರಲ್ಲಿ ಬೆಟ್ಟ ನೇರಳೆಯಾದ ಫೋಟೋಗಳು ಎಲ್ಲೆಡೆ ಓಡಾಡಿದವು. ಆದರೆ 12 ಕೂಡಿಸುವ ಮುಂಚೆ ಅರಳಿದ್ದು ಯಾವ ಜಾತಿ ಅಂತ ಖಚಿತ ಮಾಡಿಕೊಳ್ಳಬೇಕು. ಈ ಬಳಗದಲ್ಲಿ 7 ವರ್ಷದ್ದಿದೆ, 8 ವರ್ಷದ್ದಿದೆ, ವರ್ಷವೂ ಅರಳುವುದೂ ಇದೆ. ಜಾತಿ ತಪ್ಪಿದರೆ ಲೆಕ್ಕ ಪೂರ್ತಿ ತಪ್ಪು.

ಪಂಚಾಂಗ ಮಾಡುವ ವಿಧಾನ ಸರಳ. ನಿಮಗೆ ಹೋಗಿಬರಲು ಆಗುವ ಒಂದೇ ಒಂದು ಬೆಟ್ಟ ಆರಿಸಿಕೊಳ್ಳಿ. ಹತ್ತು ಬೆಟ್ಟ ಬೇಡ. ಆ ಬೆಟ್ಟದಲ್ಲಿ ಯಾವಾಗ ಅರಳಿತ್ತು ಅಂತ ಹಳೇ ದಿನಪತ್ರಿಕೆಗಳಲ್ಲಿ ಹುಡುಕಿ. ದಿನಾಂಕ ಇರುವ ಫೋಟೋ ಹುಡುಕಿ. ಆಮೇಲೆ ಬೆಟ್ಟದ ಬುಡದ ಊರಿನಲ್ಲಿ ದನ ಕಾಯುವವರು, ಜೇನು ತೆಗೆಯುವವರು, ಅರಣ್ಯ ಇಲಾಖೆಯ ವಾಚರ್‌ಗಳನ್ನು ಕೇಳಿ. ಅವರು ಇಸವಿ ಹೇಳುವುದಿಲ್ಲ. "ನಮ್ಮ ದೊಡ್ಡವಳು ಆರನೇ ಕ್ಲಾಸಲ್ಲಿದ್ದಾಗ" ಅಂತಾರೆ. ಅದನ್ನೇ ಇಸವಿ ಮಾಡಿಕೊಳ್ಳುವುದು ನಿಮ್ಮ ಕೆಲಸ. ಇದೇನು ಹೊಸ ಪದ್ಧತಿ ಅಲ್ಲ. ಕೇರಳ, ತಮಿಳುನಾಡಿನ ಬೆಟ್ಟಗಳ ಮುದುವಾನ್, ಪಳಿಯರ್ ಸಮುದಾಯದವರು ಕುರಿಂಜಿ ಎಷ್ಟು ಸಲ ಅರಳಿದ್ದನ್ನು ನೋಡಿದ್ದೇವೆ ಅನ್ನುವುದರ ಮೇಲೆ ತಮ್ಮ ವಯಸ್ಸನ್ನೇ ಲೆಕ್ಕ ಹಾಕುತ್ತಿದ್ದರು.

ಒಂದು ಎಚ್ಚರಿಕೆ. ಎಲ್ಲ ಕಡೆಯೂ ಲೆಕ್ಕ ತಪ್ಪಿದ ಗಿಡಗಳು ಇರುತ್ತವೆ. ಪಂಗಡದ ಜೊತೆ ಸೇರದೆ ಒಂದೆರಡು ವರ್ಷ ಮುಂಚೆಯೋ ನಂತರವೋ ಅಲ್ಲೊಂದು ಇಲ್ಲೊಂದು ಪೊದೆ ಅರಳುತ್ತದೆ. ಅದರ ಒಂದು ಕ್ಲೋಸ್‌ಅಪ್ ಫೋಟೋ ಸಾಕು, "ಬೆಟ್ಟ ಪೂರ್ತಿ ನೀಲಿ" ಅಂತ ಸುದ್ದಿ ಹಬ್ಬಲು. ಬೆಟ್ಟದ ಇಳಿಜಾರು ಪೂರ್ತಿ ಕಾಣುವ ಫೋಟೋ ಕೇಳಿ. ಕೊಡದಿದ್ದರೆ ಹೋಗಬೇಡಿ.

ಹಂತ 3: ಜಾಗ ಓದುವುದು ಕಲಿಯಿರಿ

ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳನ್ನು ದೂರದಿಂದ ನೋಡಿ. ನೆತ್ತಿ ಮತ್ತು ಬೆನ್ನು ಪೂರ್ತಿ ಹುಲ್ಲು. ನೀರು ಇಳಿಯುವ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒತ್ತಾದ ಕಾಡು. ಇದೇ ಶೋಲಾ ಹುಲ್ಲುಗಾವಲು. ಕುರಿಂಜಿ ಹುಡುಕಬೇಕಾದದ್ದು ಹುಲ್ಲಿನ ಬೆನ್ನಿನ ಮೇಲೆ, ಬಿಸಿಲು ಬೀಳುವ ಬಯಲು ಇಳಿಜಾರಿನಲ್ಲಿ. ಶೋಲಾ ಕಾಡಿನ ಒಳಗೂ ಇದೇ ಬಳಗದ ಬೇರೆ ಜಾತಿಗಳಿವೆ. ನೆರಳಲ್ಲಿ ಕಂಡದ್ದು ಕುಂತಿಯಾನಾ ಇರಲಿಕ್ಕಿಲ್ಲ ಅಂತಲೇ ಅನುಮಾನದಿಂದ ಶುರುಮಾಡಿ.

ಹುಲ್ಲುಗಾವಲು ಅಂದರೆ ಖಾಲಿ ಜಾಗ ಅಂತ ಬ್ರಿಟಿಷರ ಕಾಲದಿಂದಲೂ ಒಂದು ತಪ್ಪು ತಿಳಿವಳಿಕೆ. ಹಾಗಾಗಿ ನೀಲಗಿರಿ, ಪಳನಿ, ಮುನ್ನಾರ್ ಬೆಟ್ಟಗಳ ಎಷ್ಟೋ ಹುಲ್ಲುಗಾವಲು ಟೀ ತೋಟ, ನೀಲಗಿರಿ ನೆಡುತೋಪು, ಅಕೇಶಿಯಾ ಜಾತಿಯ ವಾಟಲ್ ಮರಗಳ ಕೆಳಗೆ ಹೋಯಿತು. ನೀಲಗಿರಿ ಬೆಟ್ಟಕ್ಕೆ ಆ ಹೆಸರು ಈ ಹೂವಿನ ನೀಲಿಯಿಂದಲೇ ಬಂತು ಅನ್ನುವ ಮಾತಿದೆ. ಈಗ ಅದೇ ಬೆಟ್ಟದ ಹೆಸರನ್ನು ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ಕೊಟ್ಟು, ಆ ಮರವನ್ನು ಈ ಹೂವಿನ ಜಾಗದಲ್ಲೇ ನೆಟ್ಟಿದ್ದೇವೆ. ನಾನು ಇದನ್ನು ನೆನೆಸಿಕೊಂಡು ನಗಲೂ ಆಗದೆ ಸುಮ್ಮನಾಗುತ್ತೇನೆ.

2006ರಲ್ಲಿ ಕೇರಳ ಸರ್ಕಾರ ಇಡುಕ್ಕಿ ಜಿಲ್ಲೆಯ ವಟ್ಟವಡ, ಕೊಟ್ಟಕಂಬೂರು ಭಾಗದ 32 ಚದರ ಕಿಲೋಮೀಟರನ್ನು ಕುರಿಂಜಿಮಲ ಅಭಯಾರಣ್ಯ ಅಂತ ಘೋಷಿಸಿತು. ಒಂದು ಹೂವಿಗಾಗಿ ಅಭಯಾರಣ್ಯ! ಕರ್ನಾಟಕದಲ್ಲಿ ಹುಡುಕುವವರು ಮೊದಲು ನೋಡಬೇಕಾದದ್ದು ಮುಳ್ಳಯ್ಯನಗಿರಿ ಸಾಲು. 1,930 ಮೀಟರ್ ಎತ್ತರದ ಶಿಖರ, ಸುತ್ತಲೂ ಹುಲ್ಲಿನ ಬೆನ್ನುಗಳು, ಶಿಖರದ ಹತ್ತಿರದವರೆಗೂ ರಸ್ತೆ. ರಸ್ತೆ ಇರುವುದು ಅನುಕೂಲವೂ ಹೌದು, ಶಾಪವೂ ಹೌದು.

ಹಂತ 4: ಗಿಡ ಗುರುತಿಸಿ

ನಿಧಾನವಾಗಿ ಮಾಡಬೇಕಾದ ಹಂತ ಇದು. ಪೊದೆಯ ಮುಂದೆ ಕುಕ್ಕರಗಾಲಲ್ಲಿ ಕೂರಿ. ಹೂವನ್ನು ಕೊನೆಗೆ ನೋಡೋಣ. ಹೂ ನೋಡಿದರೆ ಈ ಬಳಗದ ಎಲ್ಲವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಮೊದಲು ಎತ್ತರ. ನಿಮ್ಮ ಮೊಣಕಾಲಿನಿಂದ ಸೊಂಟದ ಒಳಗೆ ಇದೆಯಾ? ಮುಂದುವರಿಯಿರಿ. ತಲೆಗಿಂತ ಮೇಲೆ ಹೋಗಿದೆಯಾ, ಕಡ್ಡಿಗಳು ನೆಟ್ಟಗೆ ಬೆತ್ತದ ಹಾಗೆ ನಿಂತಿವೆಯಾ? ಹಾಗಾದರೆ ನಾನು ಮೋಸ ಹೋದ ಕಾರ್ವಿ ಇರಬಹುದು, ಸ್ಟ್ರೋಬಿಲಾಂಥಿಸ್ ಕ್ಯಾಲೋಸಾ. ಘಟ್ಟದ ಇಳಿಜಾರಿನಲ್ಲಿ, ಕುರಿಂಜಿಗಿಂತ ಕೆಳಗಿನ ಎತ್ತರದಲ್ಲಿ ಒತ್ತಾಗಿ ಬೆಳೆಯುತ್ತದೆ. ಅದರ ಗಟ್ಟಿ ಕಡ್ಡಿಯನ್ನು ಹೆಣೆದು, ಮಣ್ಣು ಸೆಗಣಿ ಮೆತ್ತಿ ಗುಡಿಸಲಿನ ಗೋಡೆ ಮಾಡುತ್ತಾರೆ. ಅದರ ಲೆಕ್ಕ 8 ವರ್ಷಕ್ಕೊಮ್ಮೆ. ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2008, 2016, 2024ರಲ್ಲಿ ಅರಳಿದ್ದು ಇದೇ.

ಎರಡನೆಯದು ಎಲೆಯ ತೊಟ್ಟು. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಒಂದು ಎಲೆ ಹಿಡಿದು ಬುಡ ನೋಡಿ, ಕೀಳಬೇಡಿ. ಕುಂತಿಯಾನಾಗೆ ಸಣ್ಣದಾದರೂ ತೊಟ್ಟು ಇರುತ್ತದೆ. ತೊಟ್ಟೇ ಇಲ್ಲದೆ ಎಲೆ ನೇರ ಕಡ್ಡಿಗೆ ಅಂಟಿಕೊಂಡಿದ್ದರೆ, ಪೊದೆ ಬುಟ್ಟಿ ಕವುಚಿ ಹಾಕಿದ ಹಾಗೆ ದುಂಡಗಿದ್ದರೆ, ಅದು ಸ್ಟ್ರೋಬಿಲಾಂಥಿಸ್ ಸೆಸಿಲಿಸ್. ಮರಾಠಿಯಲ್ಲಿ ಅದಕ್ಕೆ ಟೋಪ್ಲಿ ಕಾರ್ವಿ ಅಂತಲೇ ಹೆಸರು, ಬುಟ್ಟಿ ಕಾರ್ವಿ ಅಂತ ಅರ್ಥ. ಸಾತಾರದ ಕಾಸ್ ಪ್ರಸ್ಥಭೂಮಿಯಲ್ಲಿ ಜನ ಮುಗಿಬಿದ್ದು ನೋಡುವುದು ಇದನ್ನೇ. ಅದರದ್ದು 7 ವರ್ಷದ ಲೆಕ್ಕ.

ಮೂರನೆಯದು ಎಲೆಯ ಮೈ. ನನಗೆ ತುಂಬಾ ಇಷ್ಟವಾದ ಗುರುತು ಇದು. ಕುಂತಿಯಾನಾದ ಎಲೆ ದಪ್ಪ. ಮೇಲ್ಮೈಯಲ್ಲಿ ನರಗಳು ಒಳಗೆ ಇಳಿದಿರುತ್ತವೆ, ನಡುವಿನ ಭಾಗ ಉಬ್ಬಿರುತ್ತದೆ. ಬೆರಳು ಆಡಿಸಿದರೆ ಉತ್ತ ಗದ್ದೆಯ ಸಾಲಿನ ಹಾಗೆ ಏರಿಳಿತ ಸಿಗುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ಈಗ ಎಲೆಯನ್ನು ಮೆಲ್ಲಗೆ ಮಗುಚಿ. ಅಡಿಭಾಗ ಬಿಳಿಚಿಕೊಂಡಿರುತ್ತದೆ, ನುಣುಪಾದ ರೋಮ ಹತ್ತಿಕೊಂಡಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಲೆನ್ಸ್ ಇದ್ದರೆ ಹಿಡಿದು ನೋಡಿ. ಬೆಳಿಗ್ಗೆ ಹೊತ್ತು ಆ ರೋಮಗಳ ತುದಿಯಲ್ಲಿ ಮಂಜಿನ ಹನಿ ಸಾಸಿವೆಗಿಂತ ಸಣ್ಣದಾಗಿ ಸಾಲುಗಟ್ಟಿ ಕೂತಿರುತ್ತದೆ.

ಈಗ ಹೂ. ಗಂಟೆಯಾಕಾರ, ತುದಿಯಲ್ಲಿ ಐದು ಸೀಳು. ಹೊಸದಾಗಿ ಬಿರಿದದ್ದು ತಿಳಿ ನೀಲಿ, ಹಳತಾಗುತ್ತಾ ನೇರಳೆಗೆ ತಿರುಗುತ್ತದೆ. ಹಾಗಾಗಿ ಒಂದೇ ಪೊದೆಯಲ್ಲಿ ಎರಡು ಮೂರು ಬಣ್ಣ ಕಾಣುತ್ತದೆ. ಹೂಗಳು ತೆನೆಯ ಹಾಗಿರುವ ಗೊಂಚಲಿನಲ್ಲಿ ಬರುತ್ತವೆ. ತೆನೆ ಪೂರ್ತಿ ಒಂದರ ಮೇಲೊಂದು ಹಂಚು ಹೊದಿಸಿದ ಹಾಗೆ ಪುಟ್ಟ ಪುಟ್ಟ ಹಸಿರು ಎಲೆಗಳು. ಪೈನ್ ಕಾಯಿಯ ಹೋಲಿಕೆ ಯಾಕೆ ಬಂತು ಅಂತ ಇಲ್ಲಿ ಅರ್ಥವಾಗುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಅನುಮಾನ ಅಂತಲೇ ಬರೆದುಕೊಳ್ಳಿ. ಭಾರತದಲ್ಲಿ ಈ ಬಳಗದ ಹತ್ತಾರು ಜಾತಿಗಳಿವೆ. ಪರಿಣತರೂ ಕೆಲವು ಸಲ ತಲೆ ಕೆರೆದುಕೊಳ್ಳುತ್ತಾರೆ.

ಹಂತ 5: ತಿಂಗಳು, ದಿನ, ಹೊತ್ತು

ಆಗಸ್ಟ್‌ನಿಂದ ನವೆಂಬರ್‌ವರೆಗೆ ಹೂವಿನ ಕಾಲ. ಜೋರಾಗಿ ಇರುವುದು ಸೆಪ್ಟೆಂಬರ್, ಅಕ್ಟೋಬರ್. ಆದರೆ ಇದನ್ನು ನಂಬಿ ಎರಡು ತಿಂಗಳು ಮುಂಚೆ ರೂಮ್ ಬುಕ್ ಮಾಡುವುದು ಜೂಜು. ಮಳೆ ಬಿಡದೆ ಹೊಡೆದರೆ ಹೂ ತಡವಾಗುತ್ತದೆ, ಅರಳಿದ್ದು ನೆನೆದು ಉದುರುತ್ತದೆ. 2018ರಲ್ಲಿ ಮುನ್ನಾರಿನ ಲೆಕ್ಕ ಸರಿಯಾಗೇ ಇತ್ತು. ಆದರೆ ಆಗಸ್ಟ್‌ನಲ್ಲಿ ಕೇರಳಕ್ಕೆ ಮಹಾಪ್ರವಾಹ ಬಂತು, ಗುಡ್ಡ ಕುಸಿಯಿತು, ರಸ್ತೆಗಳು ಹೋದವು. ಹನ್ನೆರಡು ವರ್ಷ ಕಾದಿದ್ದ ಎಷ್ಟೋ ಜನ ಮನೆಯಲ್ಲೇ ಕೂತರು.

ನನ್ನದು ಇನ್ನೊಂದು ಥರದ ಕತೆ. ಒಂದು ಸಲ ಆಫೀಸಿನ ರಜೆ ಹೊಂದಿಸುತ್ತಾ ಹೊಂದಿಸುತ್ತಾ ನವೆಂಬರ್ ಕೊನೆಗೆ ಹೋದೆ. ಬೆಟ್ಟದ ತುಂಬ ಕಂದು ತೆನೆಗಳು. ನನ್ನ ಮೊಬೈಲ್‌ನಲ್ಲಿ ತಿಂಗಳ ಹಿಂದಿನ ಫೋಟೋ, ಅದೇ ಇಳಿಜಾರು, ನೇರಳೆ. ಕಣ್ಣೆದುರು ಗೋಣಿಚೀಲದ ಬಣ್ಣ. ಅಲ್ಲಿಂದ ಕಲಿತದ್ದು ಇಷ್ಟೇ. ಅರಳುವ ವರ್ಷ ಗೊತ್ತಾದ ಮೇಲೆ ಆಗಸ್ಟ್ ಮಧ್ಯದಿಂದ ವಾರಕ್ಕೊಮ್ಮೆ ಬೆಟ್ಟದ ಬುಡದ ಊರಿನ ಪರಿಚಯದವರಿಗೆ ಫೋನ್ ಮಾಡಿ. "ಹೂ ಬಂತಾ?" ಅಂತ ಕೇಳಬೇಡಿ. "ಮೊಗ್ಗು ಎಷ್ಟು, ಅರಳಿದ್ದು ಎಷ್ಟು?" ಅಂತ ಕೇಳಿ. ಅರ್ಧಕ್ಕರ್ಧ ಅಂದ ದಿನ ಹೊರಡಿ. ಪೂರ್ತಿ ಅರಳಿದೆ ಅನ್ನುವ ಸುದ್ದಿ ಬರುವಷ್ಟರಲ್ಲಿ ಜನವೂ ಪೂರ್ತಿ ಬಂದಿರುತ್ತಾರೆ.

ವಾರದ ನಡುವಿನ ದಿನ ಹೋಗಿ. ಬೆಳಿಗ್ಗೆ ಬೇಗ ಹತ್ತಿ. ಮಧ್ಯಾಹ್ನದ ನಂತರ ಮಂಜು ಮುಚ್ಚಿಕೊಂಡರೆ ಪಕ್ಕದಲ್ಲಿ ನಿಂತವರೂ ಕಾಣುವುದಿಲ್ಲ, ಇನ್ನು ಹೂವೆಲ್ಲಿ.

ಹಂತ 6: ಅನುಮತಿ ಮತ್ತು ಚೀಲ

ಎತ್ತರದ ಹುಲ್ಲುಗಾವಲು ಬಹುತೇಕ ಅರಣ್ಯ ಇಲಾಖೆಯ ಕೈಯಲ್ಲಿದೆ. ಕೆಲವು ಕಡೆ ದಿನಕ್ಕೆ ಇಷ್ಟೇ ಜನ, ಇಷ್ಟೇ ವಾಹನ ಅಂತ ಮಿತಿ ಇರುತ್ತದೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿ ಇಲ್ಲದೆ ಚಾರಣ ಮಾಡುವಂತಿಲ್ಲ. ಹೂವಿನ ವರ್ಷದಲ್ಲಿ ನಿಯಮಗಳು ರಾತ್ರೋರಾತ್ರಿ ಬದಲಾಗುತ್ತವೆ, ಹಾಗಾಗಿ ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿ.

ಚೀಲದಲ್ಲಿ ಮಳೆ ಅಂಗಿ, ನೀರು, ಊಟ, ಸಣ್ಣ ಲೆನ್ಸ್, ನೋಟ್‌ಬುಕ್, ಪೆನ್ಸಿಲ್. ಪೆನ್ನಿನ ಮಸಿ ಮಂಜಿಗೆ ಹರಡುತ್ತದೆ. ಇಂಬಳಕ್ಕೆ ಒಂದು ಬಟ್ಟೆಗಂಟಿನಲ್ಲಿ ಉಪ್ಪು. ಕೊಡೆ ಬೇಡ, ಬೆಟ್ಟದ ನೆತ್ತಿಯ ಗಾಳಿಗೆ ಅದು ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ.

ಹಂತ 7: ಬೆಟ್ಟದ ಮೇಲೆ

ಮೊದಲು ದೂರದಿಂದ ನೋಡಿ. ಇಲ್ಲಿ ಒಂದು ನಿರಾಸೆಗೆ ತಯಾರಾಗಿರಿ. ಇಂಟರ್ನೆಟ್‌ನ ಫೋಟೋಗಳಲ್ಲಿ ಇರುವ ಕಣ್ಣು ಕುಕ್ಕುವ ನೀಲಿ ನಿಮಗೆ ಸಿಗುವುದಿಲ್ಲ. ಅದು ಮೊಬೈಲ್‌ನಲ್ಲಿ ಬಣ್ಣ ಏರಿಸಿದ್ದು. ನಿಜವಾದ ಬಣ್ಣ ಮಬ್ಬು. ನೇರಳೆ ಹಣ್ಣು ತಿಂದು ಬಾಯಿ ಮುಕ್ಕಳಿಸಿದ ಮೇಲೂ ನಾಲಿಗೆಯಲ್ಲಿ ಉಳಿಯುತ್ತದಲ್ಲ, ಆ ಬಣ್ಣ. ಮೋಡ ಸರಿದಾಗ ಒಂದು ಪಟ್ಟಿ ನೀಲಿಯಾಗುತ್ತದೆ, ಮೋಡ ಬಂದರೆ ಅದೇ ಪಟ್ಟಿ ಬೂದಿಯಾಗುತ್ತದೆ. ಹದಿನೈದು ನಿಮಿಷ ಫೋನ್ ಜೇಬಲ್ಲಿಟ್ಟು ಕೂತರೆ ಮಾತ್ರ ಈ ಆಟ ಕಾಣುತ್ತದೆ.

ಆಮೇಲೆ ಹತ್ತಿರ ಹೋಗಿ, ಆದರೆ ಇರುವ ಕಾಲುದಾರಿಯಲ್ಲೇ. ನೀವು ಒಬ್ಬರು ಪೊದೆಗಳ ನಡುವೆ ನುಗ್ಗಿದರೆ ಹಿಂದೆ ಬಂದವರಿಗೆ ಅದೇ ದಾರಿ. ಸಂಜೆಯ ಹೊತ್ತಿಗೆ ಅಲ್ಲಿ ಒಂದು ಹೊಸ ಕಾಲುದಾರಿ ಬಿದ್ದಿರುತ್ತದೆ. 2022ರಲ್ಲಿ ನಾನೇ ನೋಡಿದ್ದು, ಹೂವಿನ ನಡುವೆ ಮಲಗಿ ರೀಲ್ಸ್ ಮಾಡಿದ ಜಾಗ. ಆಳುದ್ದಕ್ಕೆ ಪೊದೆಗಳು ಚಪ್ಪಟೆಯಾಗಿದ್ದವು. ಒಂದು ಸಲಕ್ಕೆ ಹೂ ಬಿಟ್ಟು ಸಾಯುವ ಗಿಡಕ್ಕೆ ಅದು ಬೀಜವೇ ಇಲ್ಲದ ಸಾವು.

ಕೀಳುವ ಮಾತಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಆಗ ನೀಲಕುರಿಂಜಿ ಮೂರನೇ ಅನುಸೂಚಿಯ ಸಂರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿತು. ಕಿತ್ತರೆ, ಹಾಳು ಮಾಡಿದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲೂ ಇದು ಅಪಾಯಕ್ಕೆ ಈಡಾಗಬಲ್ಲ ಜಾತಿ ಅಂತ ದಾಖಲಾಗಿದೆ. "ಒಂದು ಕಡ್ಡಿ ತಂದು ಕುಂಡದಲ್ಲಿ ನೆಡ್ತೀನಿ" ಅನ್ನುವವರು ಸಿಗುತ್ತಾರೆ. ಕಾನೂನು ಒಪ್ಪುವುದಿಲ್ಲ. ಒಪ್ಪಿದರೂ ಬಯಲುಸೀಮೆಯ ತಾರಸಿ ಮೇಲೆ ಆ ಮಂಜು, ಆ ಚಳಿ ಎಲ್ಲಿಂದ ತರುತ್ತೀರಿ?

ಬಿಸಿಲು ಬಂದ ಮೇಲೆ ಒಂದೇ ಒಂದು ಪೊದೆಯ ಮುಂದೆ ಕೂರಿ. ತುಡುವೆ ಜೇನ್ನೊಣಗಳು ಬರುತ್ತವೆ. ನೊಣ ಗಂಟೆಯ ಒಳಗೆ ಅರ್ಧ ಮೈ ತೂರಿಸುತ್ತದೆ, ಹೂ ಅದರ ಭಾರಕ್ಕೆ ಬಾಗುತ್ತದೆ, ಹಿಂದೆ ಸರಿದು ಹೊರಬಂದಾಗ ಬೆನ್ನ ಮೇಲೆ ಪರಾಗದ ಪುಡಿ. ಐದು ನಿಮಿಷದಲ್ಲಿ ಒಂದು ಪೊದೆಗೆ ಎಷ್ಟು ಸಲ ಬಂದವು ಅಂತ ಎಣಿಸಿ ಬರೆದುಕೊಳ್ಳಿ. ಕುರಿಂಜಿ ಜೇನಿಗೆ ಬೆಟ್ಟದ ಊರುಗಳಲ್ಲಿ ತುಂಬಾ ಬೆಲೆ. ಆದರೆ ಹೂವೇ ಇಲ್ಲದ ವರ್ಷವೂ ರಸ್ತೆ ಪಕ್ಕ ಬಾಟಲಿ ತುಂಬಿ ಮಾರುವ "ಕುರಿಂಜಿ ಜೇನು" ಯಾವ ಹೂವಿನದ್ದೋ ಆ ನೊಣಕ್ಕೇ ಗೊತ್ತು.

ಹಂತ 8: ದಾಖಲೆ

ಪ್ರತಿ ಜಾಗದಲ್ಲಿ ನಾಲ್ಕು ಫೋಟೋ ಸಾಕು. ಇಡೀ ಇಳಿಜಾರು, ಒಂದು ಪೂರ್ತಿ ಪೊದೆ, ಎಲೆಯ ಮೇಲ್ಮೈ ಮತ್ತು ಅಡಿಭಾಗ, ಹೂವಿನ ತೆನೆ. ಎಲೆಯ ಅಡಿಭಾಗದ ಫೋಟೋ ಯಾರೂ ತೆಗೆಯುವುದಿಲ್ಲ. ಆಮೇಲೆ ಜಾತಿ ಯಾವುದು ಅಂತ ಕೇಳಿದಾಗ ಪರಿಣತರು ಮೊದಲು ಕೇಳುವುದೇ ಅದನ್ನು.

ಇಳಿಜಾರಿನ ಫೋಟೋದಲ್ಲಿ ಒಂದು ಬಂಡೆಯೋ ಒಂಟಿ ಮರವೋ ಬರುವ ಹಾಗೆ ನೋಡಿಕೊಳ್ಳಿ. ಹನ್ನೆರಡು ವರ್ಷ ಆದಮೇಲೆ ಅದೇ ಜಾಗದಲ್ಲಿ ನಿಂತು ತೆಗೆಯಬೇಕಲ್ಲ, ಬಂಡೆ ಎಲ್ಲೂ ಹೋಗುವುದಿಲ್ಲ.

ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಗಳಿಗೆ ಹಾಕಿದರೆ ಮುಂದೆ ಬೆಟ್ಟದ ಪಂಚಾಂಗ ಹುಡುಕುವವರಿಗೆ ಸಿಗುತ್ತದೆ. ಹಾಕುವಾಗ ಜಾಗ ಮಸುಕಾಗಿ ತೋರಿಸುವ ಆಯ್ಕೆ ಇದ್ದರೆ ಬಳಸಿ. ಜನ ಇನ್ನೂ ಕಾಣದ ಬೆಟ್ಟವಾದರೆ ಸಾಮಾಜಿಕ ಜಾಲತಾಣದಲ್ಲಿ ಹೆಸರು ಬರೆಯಲೇಬೇಡಿ. ಇದು ನನ್ನ ಹಟ, ಕೆಲವು ಗೆಳೆಯರಿಗೆ ಇಷ್ಟವಿಲ್ಲ.

ಹಂತ 9: ಮತ್ತೆ ಹೋಗಿ

ಗೋಣಿಚೀಲದ ಬಣ್ಣ ಅಂತ ನಾನು ಬೈದುಕೊಂಡ ಆ ಒಣ ತೆನೆಗಳಲ್ಲೇ ಮುಂದಿನದ್ದೆಲ್ಲ ಇರುವುದು. ಹೂ ಮುಗಿದ ಮೇಲೆ ಪುಟ್ಟ ಕಾಯಿ ಕಟ್ಟುತ್ತದೆ. ಈ ಕುಟುಂಬದ ಕಾಯಿಗಳೊಳಗೆ ಬೀಜದ ಕೆಳಗೆ ಸಣ್ಣ ಕೊಕ್ಕೆಗಳಿರುತ್ತವೆ. ಬಲಿತು ಒಣಗಿದ ಕಾಯಿ ಸೀಳಿದಾಗ ಆ ಕೊಕ್ಕೆಗಳು ಬೀಜವನ್ನು ಚಿಮ್ಮಿಸುತ್ತವೆ. ಅಷ್ಟರಲ್ಲಿ ಬೇಸಿಗೆ. ಹುಲ್ಲುಗಾವಲಿಗೆ ಬೆಂಕಿ ಬೀಳುವ ಕಾಲ. ಆ ತಿಂಗಳುಗಳಲ್ಲಿ ಬೆಟ್ಟಕ್ಕೆ ಹೋದರೆ ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ಹೊಗೆ ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಒಣ ಕಡ್ಡಿ ತಾನೇ ಅಂತ ಸೌದೆಗೆ ಮುರಿಯುವುದೂ ಬೇಡ.

ಮಳೆ ಹಿಡಿದು ಕೆಲವು ವಾರ ಆದಮೇಲೆ ಅದೇ ಬಂಡೆಯ ಹತ್ತಿರ ಹೋಗಿ. ಚಂದ್ರದ್ರೋಣದ ಗಿಡಗಳನ್ನು ಹುಡುಕಿಕೊಂಡು ನಾನು 2023ರ ಮಳೆಗಾಲದಲ್ಲಿ ಹೋಗಿದ್ದೆ. ಪಾರ್ಕಿಂಗ್‌ನಲ್ಲಿ ಎರಡೇ ಬೈಕು. ಸತ್ತ ಪೊದೆಗಳು ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪಟಕ್ಕನೆ ಮುರಿಯುವ ಹಾಗಿದ್ದವು. ಮೊದಲು ಏನೂ ಕಾಣಲಿಲ್ಲ. ಮಂಡಿಯೂರಿ ಹುಲ್ಲು ಸರಿಸಿದೆ. ಒಂದು ಸತ್ತ ಪೊದೆಯ ಬುಡದಲ್ಲಿ, ಅಂಗೈಯಗಲದ ಜಾಗದಲ್ಲಿ, ಎದುರುಬದುರು ಎಲೆಯ ಸಸಿಗಳು. ಎಣಿಸಿದೆ, ಹದಿನೇಳು. ಅಳತೆಗೆ ಪಕ್ಕದಲ್ಲಿ ಪೆನ್ಸಿಲ್ ಇಟ್ಟು ಫೋಟೋ ತೆಗೆದೆ. ಎಲ್ಲಕ್ಕಿಂತ ದೊಡ್ಡದು ಪೆನ್ಸಿಲ್ಲಿನ ಹಿಂದಿನ ರಬ್ಬರಿನಷ್ಟಿತ್ತು. ನೋಟ್‌ಬುಕ್ಕಿನಲ್ಲಿ ಆ ದಿನದ ಹಾಳೆಯಲ್ಲಿ ಇಷ್ಟೇ ಇದೆ: "ಬಂಡೆಯ ಎಡಕ್ಕೆ, 17. ಜಾತಿ: ಕುಂತಿಯಾನಾ ಇರಬಹುದು. 2034ಕ್ಕೆ ಗೊತ್ತಾಗುತ್ತದೆ."